ಜೋಡುದೋಣಿಯ ಅಟ್ಟ: ಒಂದು ವಿಮರ್ಶೆ

ನೌಕೆಗಳ ಇತಿಹಾಸವನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಎರಡು ಅಂಗಗಳ ಮೇಲೆ ದೃಷ್ಟಿಯಿಟ್ಟಿರುತ್ತಾರೆ. ಒಂದು ಒಡಲು, ಇನ್ನೊಂದು ಹಾಯಿ. ಒಡಲಿನ ಆಕಾರವನ್ನು ನೋಡಿ ನೌಕೆಯ ಕುಲಗೋತ್ರಗಳನ್ನು ನಿರ್ಣಯಿಸುವುದೂ, ಹಾಯಿಯ ಕಟ್ಟನ್ನು ನೋಡಿ ಅದರ ಸಾಮರ್ಥ್ಯವನ್ನು ಅಳೆಯುವುದೂ ರೂಢಿಯಾಗಿ ಬಂದ ಕ್ರಮ. ಇವೆರಡರ ನಡುವೆ ಹಾಸಿರುವ ಅಟ್ಟವನ್ನು, ಎಂದರೆ ಈಗ ಎಲ್ಲರೂ ಡೆಕ್ಕು ಎಂದು ಕರೆಯುವ ಭಾಗವನ್ನು, ಕುರಿತು ಅವರು ಹೇಳುವುದು ಅಲ್ಪ. ಹೇಳಿದರೂ ಅದು ಮನೆಯನ್ನು ವರ್ಣಿಸುವವನು ಗೋಡೆಯ ದಪ್ಪವನ್ನೂ ಮಾಡಿನ ಇಳಿಜಾರನ್ನೂ ಸವಿಸ್ತಾರವಾಗಿ ಹೇಳಿ ಜಗಲಿಯನ್ನು ಒಂದು ವಾಕ್ಯದಲ್ಲಿ ಮುಗಿಸಿದಂತೆ ಇರುತ್ತದೆ. ಆದರೆ ನೌಕೆಯಲ್ಲಿ ಮನುಷ್ಯರು ಕುಳಿತದ್ದು, ಅಟ್ಟುಂಡದ್ದು, ಜಗಳವಾಡಿದ್ದು, ದಿಕ್ಕನ್ನು ನೋಡಿದ್ದು ಎಲ್ಲವೂ ಬಹುಮಟ್ಟಿಗೆ ಅಟ್ಟದ ಮೇಲೆಯೇ. ಯಾರಿಗೆ ಎಲ್ಲಿ ನಿಲ್ಲುವ ಹಕ್ಕಿತ್ತು, ಯಾರು ಯಾರ ಕಣ್ಣಿಗೆ ಬೀಳದಂತೆ ದುಡಿಯಬೇಕಾಗಿತ್ತು ಎಂಬ ಪ್ರಶ್ನೆಗಳಿಗೆ ಒಡಲಿನ ನಕ್ಷೆಯಲ್ಲಿ ಉತ್ತರ ದೊರೆಯಲಾರದು.

ಈ ಉಪೇಕ್ಷೆಯಿಂದ ಹೆಚ್ಚು ಹಾನಿಗೊಂಡಿರುವುದು ಜೋಡುದೋಣಿಗಳ ಇತಿಹಾಸ. ಇಂದು ವಿಹಾರಕ್ಕೂ ದೂರಪ್ರಯಾಣಕ್ಕೂ ಬಳಕೆಯಲ್ಲಿರುವ ಎರಡೊಡಲಿನ ಕ್ಯಾಟಮರನ್ ನೌಕೆಯು ಪಾಲಿನೇಷ್ಯದ ಪ್ರಾಚೀನ ಜೋಡುದೋಣಿಯ ನೇರ ವಂಶಜ ಎಂಬ ಮಾತು ಜನಪ್ರಿಯ ಗ್ರಂಥಗಳಲ್ಲಿಯೂ ತಯಾರಕರ ಪ್ರಚಾರಪತ್ರಗಳಲ್ಲಿಯೂ ಅವಿಚಾರಿತವಾಗಿ ಉಕ್ತವಾಗುತ್ತಿದೆ. ಎರಡಕ್ಕೂ ಎರಡೆರಡು ಒಡಲುಗಳಿವೆ ಎಂಬುದೇ ಈ ಮಾತಿಗೆ ಮುಖ್ಯ ಆಧಾರ. ಅಟ್ಟವನ್ನು ಅಟ್ಟದ ಪಕ್ಕದಲ್ಲಿಟ್ಟು ನೋಡಿದರೆ ಈ ವಂಶಾವಳಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಕ್ಯಾಟಮರನ್ ಎಂಬುದು ತಮಿಳಿನ ‘ಕಟ್ಟುಮರಂ’ ಎಂಬ ಶಬ್ದದ ಆಂಗ್ಲ ರೂಪವೆಂಬುದು ಸರ್ವವಿದಿತ. ಕಟ್ಟು, ಮರ ಎಂಬ ಎರಡು ಮಾತುಗಳೂ ನಮ್ಮವೇ ಆಗಿರುವುದರಿಂದ ಕನ್ನಡಿಗನಿಗೆ ನಿಘಂಟಿನ ನೆರವು ಬೇಕಿಲ್ಲ. ಚೋಳಮಂಡಲ ತೀರದ ಬೆಸ್ತರು ಹಗುರವಾದ ಕೆಲವು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಗಳ ಮೇಲೆ ನೂಕಿ ಏರುವ ತೆಪ್ಪವೇ ಕಟ್ಟುಮರ. ಕೆಲಸ ಮುಗಿದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಮರಳಿನ ಮೇಲೆ ಒಣಗಹಾಕುವ ವಾಡಿಕೆಯೂ ಉಂಟು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದುದು ಇಂಥ ದಿಮ್ಮಿಗಳ ತೆಪ್ಪವೇ. ಅದಕ್ಕೆ ಎರಡೊಡಲುಗಳಿಲ್ಲ, ನಿಜವಾಗಿ ಹೇಳುವುದಾದರೆ ಒಂದೊಡಲೂ ಇಲ್ಲ. ಅಟ್ಟವಂತೂ ಇಲ್ಲವೇ ಇಲ್ಲ, ಅಥವಾ ಇಡೀ ತೆಪ್ಪವೇ ಅಟ್ಟ. ನೀರು ದಿಮ್ಮಿಗಳ ಸಂದುಗಳಲ್ಲಿ ಮೇಲೆ ಬಂದು ಅದೇ ಸಂದುಗಳಲ್ಲಿ ಇಳಿದುಹೋಗುತ್ತದೆ. ಆದುದರಿಂದ ಅದು ತುಂಬಿ ಮುಳುಗುವ ಪ್ರಶ್ನೆಯೇ ಏಳುವುದಿಲ್ಲ.

ಐರೋಪ್ಯರು ಎರಡೊಡಲಿನ ನೌಕೆಯನ್ನು ಕಟ್ಟಲು ಹೊರಟಾಗ ಈ ತೆಪ್ಪವನ್ನಾಗಲಿ ಪಾಲಿನೇಷ್ಯದ ದೋಣಿಯನ್ನಾಗಲಿ ಅನುಸರಿಸಬೇಕಾಗಿರಲಿಲ್ಲ. ಸರ್ ವಿಲಿಯಂ ಪೆಟ್ಟಿ 1662ರಲ್ಲಿ ಡಬ್ಲಿನ್ನಿನಲ್ಲಿ ತನ್ನ ಮೊದಲನೆಯ ಜೋಡೊಡಲಿನ ನೌಕೆಯನ್ನು ನೀರಿಗಿಳಿಸಿದ. ಅವನ ‘ಎಕ್ಸ್‌ಪೆರಿಮೆಂಟ್’ ಎಂಬ ನೌಕೆ 1665ರಲ್ಲಿ ಬಿರುಗಾಳಿಗೆ ಸಿಕ್ಕಿ ನಾಶವಾಯಿತು. ಎರಡು ಶತಮಾನಗಳ ಅನಂತರ ಅಮೆರಿಕದ ನಥಾನಿಯಲ್ ಹೆರೆಶಾಫ್ 1876ರಲ್ಲಿ ನ್ಯೂಯಾರ್ಕಿನ ಪಂದ್ಯದಲ್ಲಿ ತನ್ನ ‘ಅಮರಿಲ್ಲಿಸ್’ ಎಂಬ ಜೋಡುದೋಣಿಯಿಂದ ಉಳಿದೆಲ್ಲ ನೌಕೆಗಳನ್ನು ಹಿಂದಿಕ್ಕಿದ. ಸೋತವರು ಆಕ್ಷೇಪಿಸಲಾಗಿ ಅದನ್ನು ಪಂದ್ಯದಿಂದ ಹೊರಗಿಟ್ಟರು. ಈ ನೌಕೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೆರೆಶಾಫನು ಎರಡು ಒಡಲುಗಳನ್ನು ಬಿಗಿಯಾಗಿ ಬೆಸೆಯದೆ, ಪ್ರತಿಯೊಂದೂ ತನ್ನ ಅಲೆಗೆ ತಾನು ಏರಿಳಿಯುವಂತೆ ಚಲಿಸುವ ಕೀಲುಗಳಿಂದ ಜೋಡಿಸಿದ್ದ. ಕಟ್ಟುಮರದ ಹೆಸರು ಇಂಥ ನೌಕೆಗಳಿಗೆ ಅಂಟಿಕೊಂಡುದು ಆ ಕಾಲದಿಂದೀಚೆಗೆ. ಹೆಸರಿನಲ್ಲಿ ಕಟ್ಟು ಉಳಿಯಿತು. ಮುಂದೆ ಬಂದ ನೌಕೆಗಳಲ್ಲಿ ಬಹುಪಾಲು ಕಟ್ಟನ್ನು ಬಿಟ್ಟು ಬೆಸುಗೆಯನ್ನು ಹಿಡಿದವು.

ಈ ವಿಷಯದ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿ ಹಾಕಿದ ಜೇಮ್ಸ್ ಹಾರ್ನೆಲ್‌ಗೂ ನಮ್ಮ ಕರಾವಳಿಗೂ ಸಂಬಂಧವಿದೆ. ಅವರು ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಆ ಪ್ರಾಂತಕ್ಕೆ ಸೇರಿತ್ತು. ಭಾರತೀಯ ದೋಣಿಗಳ ವಿನ್ಯಾಸವನ್ನು ಕುರಿತ ಅವರ ಪ್ರಬಂಧವನ್ನು ಬಂಗಾಳದ ಏಷ್ಯಾಟಿಕ್ ಸೊಸೈಟಿ 1920ರಲ್ಲಿ ಪ್ರಕಟಿಸಿತು. ಕಾರವಾರ, ಗೋವೆಗಳ ಕಡೆ ಒಂದು ಬದಿಗೆ ತೇಲುಮರವನ್ನು ಕಟ್ಟಿದ ದೋಣಿಗಳನ್ನು ಕಂಡವರಿಗೆ ಹಾರ್ನೆಲರ ಕುತೂಹಲ ಸಹಜವೆನಿಸದಿರದು. ಇಂಥ ರೂಪಸಾಮ್ಯಗಳ ಬಲದಿಂದ ಅವರು ದಕ್ಷಿಣ ಭಾರತದ ಕರಾವಳಿಗೆ ಪಾಲಿನೇಷ್ಯದ ಸಂಪರ್ಕವನ್ನು ಊಹಿಸುವಷ್ಟು ದೂರ ನಡೆದರು. ಅನಂತರ ಎ. ಸಿ. ಹ್ಯಾಡನ್‌ರೊಡನೆ ಕೂಡಿ ಅವರು ರಚಿಸಿದ, 1936ರಿಂದ 1938ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ಕನೂಸ್ ಆಫ್ ಓಷಿಯಾನಿಯ’ ಈ ಕ್ಷೇತ್ರದಲ್ಲಿ ಇಂದಿಗೂ ಆಕರಗ್ರಂಥವಾಗಿದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಅಟ್ಟದ ವರ್ಣನೆ ಅಲ್ಲಲ್ಲಿ ಬಾರದೆ ಇಲ್ಲ. ಆದರೆ ದೋಣಿಗಳನ್ನು ವರ್ಗೀಕರಿಸುವಾಗ ಆಧಾರವಾಗಿ ನಿಂತದ್ದು ಒಡಲಿನ ರಚನೆ ಮತ್ತು ತೇಲುಮರದ ಜೋಡಣೆ. ತೊಲೆಯನ್ನು ತೇಲುಮರಕ್ಕೆ ಯಾವ ಗಂಟಿನಿಂದ ಕಟ್ಟಿದ್ದಾರೆ ಎಂಬುದರಿಂದ ಜನಾಂಗಗಳ ವಲಸೆಯನ್ನು ನಿರ್ಣಯಿಸಹೊರಟವರಿಗೆ, ಆ ತೊಲೆಯ ಮೇಲೆ ಕುಳಿತವರು ಯಾರು ಎಂಬ ಪ್ರಶ್ನೆ ಗೌಣವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಹಾರ್ನೆಲ್‌ಗಿಂತ ಒಂದೂವರೆ ಶತಮಾನ ಹಿಂದಿನ ಸಾಕ್ಷಿಯೊಬ್ಬ ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ಕ್ಯಾಪ್ಟನ್ ಜೇಮ್ಸ್ ಕುಕ್ 1774ರ ಏಪ್ರಿಲ್ ತಿಂಗಳಲ್ಲಿ ತಹೀತಿ ದ್ವೀಪದಲ್ಲಿ ಯುದ್ಧಕ್ಕೆ ಸಿದ್ಧವಾಗಿದ್ದ ನೌಕಾಬಲವನ್ನು ಕಂಡು ಬರೆದಿಟ್ಟ ವಿವರಣೆಯಲ್ಲಿ ಅಟ್ಟವೇ ಪ್ರಧಾನ. ದೊಡ್ಡ ಜೋಡುದೋಣಿಗಳು 160, ಚಿಕ್ಕವು 170 ಎಂದು ಅವನ ಲೆಕ್ಕ. ದೊಡ್ಡ ದೋಣಿಗಳಲ್ಲಿ ಕಂಬಗಳ ಮೇಲೆ ಎತ್ತರಿಸಿದ ಕಾಳಗದ ಅಟ್ಟಣೆ. ಅದರ ಮೇಲೆ ಯೋಧರು. ಹುಟ್ಟು ಹಾಕುವವರು ಕೆಳಗೆ, ಆ ಕಂಬಗಳ ನಡುವೆ. ಚಿಕ್ಕ ದೋಣಿಗಳ ಮೇಲಾದರೋ ಒಂದೊಂದು ಪುಟ್ಟ ಮನೆ. ಕಾಳಗದ ದೋಣಿಗಳಲ್ಲಿ ಆಹಾರಸಾಮಗ್ರಿ ಏನೂ ಇಲ್ಲದಿರುವುದನ್ನು ಗಮನಿಸಿ, ಮನೆಯುಳ್ಳ ಈ ಚಿಕ್ಕ ದೋಣಿಗಳು ಸರಂಜಾಮನ್ನು ಸಾಗಿಸತಕ್ಕವು ಎಂದು ಕುಕ್ ಊಹಿಸಿದ. ಒಂದೇ ಜಾತಿಯ ಒಡಲುಗಳ ಮೇಲೆ ಎರಡು ಬಗೆಯ ಅಟ್ಟಗಳು. ಎರಡು ಅಟ್ಟಗಳಿಂದ ಎರಡು ಬಗೆಯ ಉದ್ಯೋಗಗಳು. ಒಡಲನ್ನು ಮಾತ್ರ ಅಳೆದವನಿಗೆ ಇವೆರಡೂ ಒಂದೇ ವರ್ಗಕ್ಕೆ ಸೇರಿಬಿಡುತ್ತಿದ್ದವು. ಕುಕ್‌ನೊಡನೆ ಇದ್ದ ಚಿತ್ರಕಾರ ವಿಲಿಯಂ ಹಾಜಸ್ ಈ ನೌಕಾಬಲವನ್ನು ತೈಲವರ್ಣದಲ್ಲಿ ಚಿತ್ರಿಸಿದ್ದಾನೆ. ಎತ್ತಿದ ಹಿಂತುದಿಗಳೂ ಯೋಧರ ನಿಲುವೂ ಅವನ ಕುಂಚಕ್ಕೆ ಒಲಿದಷ್ಟು ಕಂಬಗಳ ನಡುವಣ ಹುಟ್ಟಾಳುಗಳು ಒಲಿಯಲಿಲ್ಲ. ಈ ಅಂಶಕ್ಕೆ ಕೊನೆಯಲ್ಲಿ ಮರಳಿ ಬರಬೇಕಾಗುತ್ತದೆ.

ಫಿಜಿಯ ‘ದ್ರುವಾ’ ಇನ್ನೊಂದು ಪಾಠವನ್ನು ಕಲಿಸುತ್ತದೆ. ಅದರ ಒಡಲುಗಳು ಸಮಾನವಲ್ಲ, ಒಂದು ಹಿರಿದು, ಒಂದು ಕಿರಿದು. ಕಿರಿಯ ಒಡಲು ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು. ಆದಕಾರಣ ದಿಕ್ಕನ್ನು ಬದಲಿಸುವಾಗ ದೋಣಿ ತಿರುಗುವುದಿಲ್ಲ. ಹಾಯಿಯ ಬುಡವನ್ನೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊತ್ತೊಯ್ದು ಇಡುತ್ತಾರೆ. ಮುಂತುದಿ ಹಿಂತುದಿಯಾಗುತ್ತದೆ, ಚುಕ್ಕಾಣಿಯ ಹುಟ್ಟು ಆ ಕೊನೆಯಿಂದ ಈ ಕೊನೆಗೆ ಬರುತ್ತದೆ. ಈ ಕೆಲಸಕ್ಕೆ ಅಟ್ಟ ತೆರವಾಗಿರಬೇಕು. ಮನೆಯನ್ನು ಕಟ್ಟಿದರೂ ಅದು ನಡುವೆ, ಹಾಯಿಯ ಹಾದಿಗೆ ಅಡ್ಡವಾಗದಂತೆ ಇರಬೇಕು. ಒಡಲುಗಳಿಗೆ ಇಳಿದು ನೀರು ಮೊಗೆಯುವವರಿಗೂ ಕಂಡಿಗಳನ್ನು ಬಿಡಬೇಕು. ಅಟ್ಟದ ರೂಪವನ್ನು ನಿರ್ಣಯಿಸಿದ್ದು ಇಲ್ಲಿ ವಾಸದ ಸೌಕರ್ಯವಲ್ಲ, ಹಾಯಿಯ ನಡೆ. 1913ರಲ್ಲಿ ಕಟ್ಟಿದ ‘ರತು ಫಿನಾವು’ ಎಂಬ ದ್ರುವಾ ಸುವಾ ನಗರದ ಫಿಜಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಉದ್ದ 13 ಮೀಟರಿಗೆ ತುಸು ಹೆಚ್ಚು. ಪಠ್ಯವನ್ನು ನೆಚ್ಚುವ ನಮ್ಮಂಥ ಅಧ್ಯಾಪಕರಿಗೆ ಹೀಗೆ ಉಳಿದುಬಂದ ಒಂದು ಅಟ್ಟವು ಹತ್ತು ಪ್ರವಾಸಕಥನಗಳಿಗೆ ಸಮನಾದ ದಾಖಲೆ.

ಇಷ್ಟೆಲ್ಲ ವಿವರಕ್ಕೆ ಇತಿಹಾಸದಲ್ಲಿ ಏನು ಬೆಲೆ ಎಂದು ವಾಚಕರು ಕೇಳಬಹುದು. ಬೆಲೆ ಸಣ್ಣದಲ್ಲ. ಥೋರ್ ಹೇಯರ್‌ಡಾಲ್ 1947ರಲ್ಲಿ ಪೆರುವಿನಿಂದ ‘ಕಾನ್-ಟಿಕಿ’ ಎಂಬ ಬಾಲ್ಸಾ ತೆಪ್ಪದ ಮೇಲೆ 101 ದಿನ ತೇಲಿ ರರೋಯಿಯಾ ಹವಳದ್ವೀಪವನ್ನು ತಲಪಿ, ಪಾಲಿನೇಷ್ಯಕ್ಕೆ ಜನ ದಕ್ಷಿಣ ಅಮೆರಿಕದಿಂದ ಬಂದರೆಂದು ವಾದಿಸಿದ. (ದಿಮ್ಮಿಗಳನ್ನು ಹಗ್ಗದಿಂದ ಬಿಗಿದಿದ್ದ ಆ ತೆಪ್ಪವೇ ಶಬ್ದಾರ್ಥದಲ್ಲಿ ನಿಜವಾದ ಕಟ್ಟುಮರವಾಗಿತ್ತೆಂಬುದು ಸ್ವಾರಸ್ಯಕರ.) ಆಂಡ್ರೂ ಶಾರ್ಪ್ 1956ರಲ್ಲಿ ಇನ್ನೊಂದು ಬಗೆಯ ವಾದವನ್ನು ಹೂಡಿದ. ಅವನ ಮತದಂತೆ ಸುಮಾರು 300 ಮೈಲಿಗಳಿಗೆ ಮೀರಿದ ದೂರಕ್ಕೆ ಪಾಲಿನೇಷಿಯನರು ಉದ್ದೇಶಪೂರ್ವಕವಾಗಿ ಹೋಗಿಬರಲು ಶಕ್ತರಾಗಿರಲಿಲ್ಲ. ದೂರದ ದ್ವೀಪಗಳಲ್ಲಿ ಜನ ನೆಲಸಿದ್ದು ಗಾಳಿಗೆ ಸಿಕ್ಕಿ ದಾರಿ ತಪ್ಪಿದ ದೋಣಿಗಳಿಂದ. ಒಂದು ಜನಾಂಗ ತನ್ನ ಬುದ್ಧಿಯಿಂದ ಸಾಗರವನ್ನು ದಾಟಿತೋ, ಇಲ್ಲವೆ ಅಲೆ ಹೊತ್ತುತಂದ ತೆಂಗಿನಕಾಯಿಯಂತೆ ದಡ ಸೇರಿತೋ ಎಂಬುದು ಇಲ್ಲಿಯ ಪ್ರಶ್ನೆ. ಇದನ್ನು ಒಡಲಿನ ವೇಗದಿಂದ ಮಾತ್ರ ಬಗೆಹರಿಸಲಾಗದು. ಮೀನು ಹಿಡಿಯಲು ಹೋಗಿ ದಾರಿ ತಪ್ಪಿದವರ ದೋಣಿಯ ಮೇಲೆ ಹೆಂಗಸರು, ಹಂದಿ, ಕೋಳಿ, ನಾಟಿ ಮಾಡುವ ಗೆಡ್ಡೆಗಳು ಇರುವುದಿಲ್ಲ. ಒಂದು ತಿಂಗಳ ಕಾಲ ಇವನ್ನೆಲ್ಲ ಬದುಕಿಸಿಟ್ಟುಕೊಳ್ಳಬಲ್ಲ ಅಟ್ಟವೊಂದನ್ನು ಕಟ್ಟಿದವರು ಎಲ್ಲಿಗೋ ಹೋಗಬೇಕೆಂದೇ ಕಟ್ಟಿದವರು.

1973ರಲ್ಲಿ ಹವಾಯಿಯಲ್ಲಿ ಸ್ಥಾಪಿತವಾದ ಪಾಲಿನೇಷ್ಯದ ನೌಕಾಯಾನ ಸಂಘವು ಈ ಪ್ರಶ್ನೆಯನ್ನು ಸಮುದ್ರದ ಮೇಲೆಯೇ ಪರೀಕ್ಷಿಸಿತು. ಚಿತ್ರಕಾರ ಹರ್ಬ್ ಕವಾಯ್‌ನುಯಿ ಕಾನೆ ರೂಪಿಸಿದ ‘ಹೋಕುಲೇಅ’ ಎಂಬ ಜೋಡುದೋಣಿ 1975ರ ಮಾರ್ಚ್ 8ರಂದು ನೀರಿಗಿಳಿಯಿತು. ಉದ್ದ ಸುಮಾರು 62 ಅಡಿ. ಅಗಲ ಉದ್ದದ ಮೂರನೆಯ ಒಂದು ಪಾಲಿಗೂ ಕಡಮೆ. ಅಡ್ಡತೊಲೆಗಳನ್ನು ಒಡಲುಗಳಿಗೆ ಹಗ್ಗದಿಂದ ಕಟ್ಟಿ, ತೊಲೆಗಳ ಮೇಲೆ ಹಲಗೆಗಳನ್ನು ಹಾಸಿದ ಬಯಲು ಅಟ್ಟ ಅದರದು. ಮಲಗಲು ಒಡಲುಗಳ ಮೇಲೆ ಉದ್ದಕ್ಕೂ ಕ್ಯಾನ್ವಾಸಿನ ಮರೆಯಿದೆ, ಮನೆಯಿಲ್ಲ. ಹಿಂದೆ ನಟ್ಟನಡುವೆ ಉದ್ದವಾದ ಚುಕ್ಕಾಣಿಹುಟ್ಟು. ಎರಡು ಕೂವೆಗಳು. 1976ರ ಮೇ 1ರಂದು ಮಾವಿ ದ್ವೀಪದಿಂದ ಹೊರಟು ಜೂನ್ 4ರಂದು ತಹೀತಿಯ ಪಪೀತೆಯನ್ನು ಅದು ಸೇರಿದಾಗ, ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮಾವು ಪಿಯಾಯ್ಲುಗ್ ಉಪಕರಣಗಳಿಲ್ಲದೆ ದಾರಿ ತೋರಿಸಿದ್ದ. ಹಂದಿ, ನಾಯಿ, ಕೋಳಿಗಳೂ ಅಟ್ಟದ ಮೇಲಿದ್ದವು. ಅವನ್ನು ಕರೆದೊಯ್ದದ್ದು ಬರಿಯ ವಿನೋದಕ್ಕಲ್ಲ; ಶಾರ್ಪನ ವಾದಕ್ಕೆ ಕೊಟ್ಟ ಉತ್ತರದಲ್ಲಿ ಅವೂ ಒಂದು ಅಂಗ.

ಈ ಅಟ್ಟದ ಒಂದು ಲಕ್ಷಣವನ್ನು ವಿಶೇಷವಾಗಿ ಎತ್ತಿಹೇಳಬೇಕು. ಮುಂದೆ ನೈನೋವ ಥಾಂಪ್ಸನ್ ಮೊದಲಾದ ಹವಾಯಿಯ ಮಾರ್ಗದರ್ಶಿಗಳು ಬಳಸಿದ ಕ್ರಮದಲ್ಲಿ ನೌಕೆಯ ಕಟಕಟೆಯೇ ದಿಕ್ಸೂಚಿ. ಎಡ ಬಲ ಪ್ರತಿಯೊಂದು ಬದಿಯ ಕಟಕಟೆಯಲ್ಲಿಯೂ ಎಂಟೆಂಟು ಗುರುತುಗಳಿವೆ. ಹಿಂತುದಿಯಲ್ಲಿರುವ ಒಂದು ಬಿಂದುವಿನೊಡನೆ ಪ್ರತಿಯೊಂದು ಗುರುತನ್ನೂ ಕೂಡಿಸಿ, ಮುಂದಕ್ಕೂ ಹಿಂದಕ್ಕೂ ದೃಷ್ಟಿ ಹಾಯಿಸಿದರೆ ಒಟ್ಟು 32 ದಿಕ್ಕುಗಳು ದೊರೆಯುತ್ತವೆ. ನಕ್ಷತ್ರಗಳು ಹುಟ್ಟುವ, ಮುಳುಗುವ 32 ಮನೆಗಳಿಗೆ ಇವು ಹೊಂದುತ್ತವೆ. ಮಾರ್ಗದರ್ಶಿ ಹಿಂತುದಿಯ ಬಳಿ ಕುಳಿತಿರುತ್ತಾನೆ. ಅವನಿಗೂ ದಿಗಂತಕ್ಕೂ ನಡುವೆ ಗೋಡೆಯಿರಲಾಗದು. ಈ ದೋಣಿಯ ಮೇಲೆ ಮನೆ ಇಲ್ಲದಿರುವುದು ಬಡತನದಿಂದಲೋ ಅಜ್ಞಾನದಿಂದಲೋ ಅಲ್ಲವೆಂಬುದಕ್ಕೆ ಇದೇ ಪ್ರಮಾಣ.

ಆದರೆ ಪ್ರಶಂಸೆಯಲ್ಲಿ ಮೈಮರೆಯಬಾರದು. ಹೋಕುಲೇಅ ಪ್ರಾಚೀನ ದೋಣಿಯ ಪ್ರತಿಕೃತಿಯಲ್ಲ. ಅದರ ಒಡಲುಗಳು ಪ್ಲೈವುಡ್ ಮತ್ತು ಫೈಬರ್‌ಗ್ಲಾಸಿನವು. ಅದು ಸಿದ್ಧಪಡಿಸಿದ್ದು ಸಾಧ್ಯತೆಯನ್ನು, ನಡೆದ ಸಂಗತಿಯನ್ನಲ್ಲ. ಅದಲ್ಲದೆ ಬಯಲು ಅಟ್ಟಕ್ಕೆ ತೆರಬೇಕಾದ ಬೆಲೆಯೂ ಉಂಟು. 1976ರ ಯಾನದಲ್ಲಿ ನಾವಿಕರೊಳಗೆ ಎದ್ದ ಕಲಹ ಸಂಘದ ಸ್ಥಾಪಕರಲ್ಲೊಬ್ಬನಾದ ಬೆನ್ ಫಿನಿಯ 1979ರ ಗ್ರಂಥದಲ್ಲಿಯೇ ದಾಖಲಾಗಿದೆ. ಮಾವು ಪಿಯಾಯ್ಲುಗ್ ಮನನೊಂದು ಹಿಂದಿರುಗುವ ಯಾನದಲ್ಲಿ ದೋಣಿಯನ್ನು ಏರಲಿಲ್ಲ. ಗೋಡೆಯಿಲ್ಲದ ಕಡೆ ಮುನಿಸಿಕೊಂಡವನಿಗೆ ಮರೆಯಾಗುವ ಮೂಲೆಯೂ ಇರುವುದಿಲ್ಲ. ಒಂದು ತಿಂಗಳ ಕಾಲ ಎಲ್ಲರೂ ಎಲ್ಲರ ಕಣ್ಣೆದುರಿಗೇ ಇರಬೇಕು. 1978ರ ಮಾರ್ಚಿಯಲ್ಲಿ ಇದೇ ನೌಕೆ ಹವಾಯಿಯ ಕಡಲ್ಗಾಲುವೆಯಲ್ಲಿ ಮಗುಚಿಕೊಂಡಿತು. ನೆರವು ತರಲೆಂದು ತೇಲುಹಲಗೆಯ ಮೇಲೆ ಹೊರಟ ಎಡ್ಡಿ ಐಕಾವು ಮರಳಿ ಬರಲಿಲ್ಲ. ಜೋಡುದೋಣಿ ಒಮ್ಮೆ ಮಗುಚಿದರೆ ತಾನಾಗಿ ನೆಟ್ಟಗಾಗದು. ಅಟ್ಟವು ಅಡಿಯಾಗಿ, ಅಡಿಯು ಅಟ್ಟವಾಗಿ, ಹಾಗೆಯೇ ನಿಲ್ಲುತ್ತದೆ.

ಪಶ್ಚಿಮದ ವಿಹಾರನೌಕೆಗಳ ಪೈಕಿ ಪಾಲಿನೇಷ್ಯದ ಅಟ್ಟವನ್ನು ಅರ್ಥಮಾಡಿಕೊಂಡು ಅನುಸರಿಸಿದವನೆಂದರೆ ಇಂಗ್ಲೆಂಡಿನ ಜೇಮ್ಸ್ ವಾರಂ. 2021ರಲ್ಲಿ ನಿಧನನಾದ ಈತ 23 ಅಡಿ 6 ಅಂಗುಲ ಉದ್ದದ ‘ತಂಗರೋವ’ದಲ್ಲಿ ಇಬ್ಬರು ಜರ್ಮನ್ ಮಹಿಳೆಯರೊಡನೆ 1955-56ರ ಯಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಟ್ರಿನಿಡಾಡನ್ನು ಸೇರಿದ. ಅಲ್ಲಿ ಕಟ್ಟಿದ 40 ಅಡಿಯ ‘ರೊಂಗೊ’ದಲ್ಲಿ 1959ರಲ್ಲಿ ಉತ್ತರ ಅಟ್ಲಾಂಟಿಕ್‌ಅನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದ. ಒಡಲುಗಳ ನಡುವೆ ಮನೆ ಕಟ್ಟಲಾಗದು ಎಂಬುದು ಅವನ ಹಟ. ಅವನ ಅಟ್ಟ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳದು. ಅಲೆಯ ನೀರು ಮೇಲೆ ಬಿದ್ದರೆ ಸಂದುಗಳಲ್ಲಿ ಸೋರಿಹೋಗುತ್ತದೆ. ಕೆಳಗಿನಿಂದ ಅಪ್ಪಳಿಸಿದರೆ ಅಪ್ಪಳಿಸಲು ಹರವಾದ ತಳವೇ ಇಲ್ಲ. ಮುಂದಿನ ವಿನ್ಯಾಸಗಳಲ್ಲಿ ಅವನು ಅಡ್ಡತೊಲೆಗಳನ್ನು ಹಗ್ಗದಿಂದಲೇ ಕಟ್ಟಿದ. ಕಟ್ಟುಮರದ ಹೆಸರು ಮೂರು ಶತಮಾನ ಅಲೆದು ಕೊನೆಗೆ ತನ್ನ ಅರ್ಥವನ್ನು ಕಂಡುಕೊಂಡದ್ದು ಇಲ್ಲಿ ಎನ್ನಬಹುದು.

ವಾರಂನ ನೌಕೆಯಲ್ಲಿ ಬಾಳುವವರ ಪಾಡನ್ನು ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರು ಬೇಗ ಗ್ರಹಿಸಿಯಾರು. ಅಡುಗೆ ಒಂದು ಒಡಲಿನಲ್ಲಿ, ಹಾಸಿಗೆ ಇನ್ನೊಂದರಲ್ಲಿ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಮಳೆಯ ರಾತ್ರಿ ಬಿಸಿನೀರು ಬೇಕಾದವನು ತೊಯ್ದುಕೊಂಡೇ ದಾಟಬೇಕು. ತೊಟ್ಟಿಮನೆಗಾದರೆ ನಾಲ್ಕೂ ಕಡೆ ಕೈಸಾಲೆಯುಂಟು. ಇಲ್ಲಿ ಅದೂ ಇಲ್ಲ. ಅವನ ಅಭಿಮಾನಿಗಳು ಈ ಅನನುಕೂಲವನ್ನು ಗುಣವೆಂದು ಹಾಡುವುದು ಅತಿಯಾಯಿತು. ಅಟ್ಟದ ನಡುವೆ ಕಾವಲಿರುವವನು ಒರಗಲು ಒಂದು ಪುಟ್ಟ ಗೂಡನ್ನು ವಾರಂ ತಾನೇ ತನ್ನ ದೊಡ್ಡ ನೌಕೆಗಳಲ್ಲಿ ಸೇರಿಸಿದನೆಂಬುದನ್ನು ಅವರು ಮರೆಯಬಾರದು. ಬಿಸಿಲು ನಾಡಿನ ದ್ವೀಪಗಳ ನಡುವೆ ಹುಟ್ಟಿದ ಅಟ್ಟವನ್ನು ಉತ್ತರ ಅಟ್ಲಾಂಟಿಕ್‌ನ ಚಳಿಗೆ ಒಯ್ದಾಗ ಕೆಲವು ರಾಜಿಗಳು ಅನಿವಾರ್ಯ.

ಅನ್ಯಮಾರ್ಗವನ್ನು ಹಿಡಿದವರು ಇಂಗ್ಲೆಂಡಿನ ಪ್ರೌಟ್ ಸಹೋದರರು. ಅವರ ಕಾರ್ಖಾನೆಯಲ್ಲಿ 1963ರಲ್ಲಿ ಸಿದ್ಧವಾದ ‘ರೇಹು ಮೋವಾನ’ದಲ್ಲಿ ಡೇವಿಡ್ ಲೂಯಿಸ್ ಕುಟುಂಬಸಮೇತನಾಗಿ ಭೂಪ್ರದಕ್ಷಿಣೆ ಮಾಡಿದ, ಜೋಡೊಡಲಿನ ನೌಕೆಯೊಂದು ಅಂಥ ಪ್ರದಕ್ಷಿಣೆ ಮಾಡಿದ್ದು ಅದೇ ಮೊದಲು. ಆ ಯಾನದಲ್ಲಿ ತಹೀತಿಯಿಂದ ನ್ಯೂಜಿಲೆಂಡಿನತ್ತ ಉಪಕರಣಗಳಿಲ್ಲದೆ ನಕ್ಷತ್ರಗಳ ನೆರವಿನಿಂದ ಸಾಗಿದ ಲೂಯಿಸನೇ 1976ರಲ್ಲಿ ಹೋಕುಲೇಅದ ಮೇಲೂ ಇದ್ದ. ವಿದ್ಯೆಯ ಪರಂಪರೆ ಒಂದು ಅಟ್ಟದಿಂದ ಇನ್ನೊಂದಕ್ಕೆ ಹೀಗೆ ಮನುಷ್ಯರ ಮೂಲಕ ದಾಟಿದೆ. ಅಟ್ಟಗಳ ಪರಂಪರೆ ಹಾಗೆ ದಾಟಿತೆಂದು ಹೇಳಲು ಬಾರದು.

ಏಕೆಂದರೆ ಇಂದು ಬಂದರುಗಳಲ್ಲಿ ಹೆಚ್ಚಾಗಿ ಕಾಣುವ ಅಟ್ಟ ಬೇರೆಯೇ. ಉದಾಹರಣೆಗೆ, ವಾನ್ ಪೆಟಿಗೆಂ ಮತ್ತು ಲೋರಿಯೊ-ಪ್ರೆವೋ ಎಂಬ ಫ್ರೆಂಚ್ ವಿನ್ಯಾಸಕಾರರು ರೂಪಿಸಿ ಹಲವು ನೂರು ಸಂಖ್ಯೆಯಲ್ಲಿ ತಯಾರಾದ ‘ಲಗೂನ್ 380’ ನೌಕೆಯನ್ನು ತೆಗೆದುಕೊಳ್ಳೋಣ. ಉದ್ದ 11.55 ಮೀಟರು, ಅಗಲ 6.53 ಮೀಟರು, ಎಂದರೆ ಅಗಲವು ಉದ್ದದ ಅರ್ಧಕ್ಕಿಂತ ಮಿಗಿಲು. ಹೋಕುಲೇಅದ ಪ್ರಮಾಣದೊಡನೆ ಇದನ್ನು ಹೋಲಿಸಿದರೆ ಎರಡು ನೌಕೆಗಳ ಉದ್ದೇಶಭೇದ ಮೊದಲ ನೋಟಕ್ಕೇ ತಿಳಿಯುತ್ತದೆ. ಅಗಲ ಹೆಚ್ಚಿದಷ್ಟೂ ಗಾಳಿಗೆ ಮಗುಚುವ ಭಯ ಕಡಮೆ, ನಡುವೆ ಕಟ್ಟಲು ದೊರೆಯುವ ನಿವೇಶನವೂ ಹೆಚ್ಚು. ಆ ನಿವೇಶನದಲ್ಲಿ ನಿಜವಾಗಿಯೂ ಒಂದು ಮನೆಯನ್ನೇ ಕಟ್ಟಿದ್ದಾರೆ. ಸುತ್ತಲೂ ನೆಟ್ಟಗೆ ನಿಲ್ಲಿಸಿದ ಗಾಜಿನ ಕಿಟಕಿಗಳು. ಓರೆಯಾದ ಗಾಜಿಗಿಂತ ನೆಟ್ಟನೆಯ ಗಾಜಿನಿಂದ ಒಳಗೆ ಬಿಸಿಲು ಕಡಮೆ, ಜಾಗ ಹೆಚ್ಚು. ಎದುರುಗಾಳಿಗೆ ಮಾತ್ರ ಅದು ಎದೆಯೊಡ್ಡಿ ನಿಂತಂತೆ. ಮನೆಯ ಹಿಂದೆ, ಒಂದೇ ಮಟ್ಟದಲ್ಲಿ, ನಾವು ಹಿಂಜಗಲಿ ಎನ್ನಬಹುದಾದ ಕಾಕ್‌ಪಿಟ್. ಜಾರುಬಾಗಿಲನ್ನು ಸರಿಸಿದರೆ ಒಳಗೂ ಹೊರಗೂ ಒಂದಾಗುತ್ತದೆ. ಒಂದೇ ಒಡಲಿನ ಹಳೆಯ ಹಾಯಿನೌಕೆಯಲ್ಲಿ ಬಾವಿಗಿಳಿದಂತೆ ಮೆಟ್ಟಲಿಳಿದು ಒಳಹೋಗಬೇಕಾಗಿದ್ದವರಿಗೆ ಇದು ದೊಡ್ಡ ಸೌಕರ್ಯವೆಂಬುದನ್ನು ಒಪ್ಪಲೇಬೇಕು. ಅಡುಗೆ ಮಾಡುವವರು ಜಗಲಿಯ ಮಾತಿನಿಂದ ದೂರವಾಗುವುದಿಲ್ಲ. ಎರಡು ಹಿಂತುದಿಗಳಲ್ಲಿ ನೀರಿನವರೆಗೆ ಇಳಿಯುವ ಮೆಟ್ಟಲುಗಳು ನಮ್ಮ ಕೆರೆಯ ಸೋಪಾನಗಳನ್ನು ನೆನಪಿಗೆ ತರುತ್ತವೆ.

ಸೌಕರ್ಯದ ಬೆಲೆಯನ್ನು ಅಟ್ಟದ ಕೆಳಗೆ ನೋಡಬೇಕು. ಮನೆಯ ನೆಲಕ್ಕೂ ಸಮುದ್ರಕ್ಕೂ ನಡುವಣ ಅಂತರ ಸಾಲದಾದಾಗ ಎದುರಲೆಗಳು ಆ ತಳಕ್ಕೆ ಅಪ್ಪಳಿಸುತ್ತವೆ. ಊಟದ ಮೇಜಿನ ಪಾತ್ರೆಗಳು ಕುಣಿಯುವಂಥ ಈ ಹೊಡೆತ ಜೋಡುದೋಣಿಗಳ ಪ್ರಸಿದ್ಧ ದೋಷ. ಮೇಲೆ ಜಾಗ ಇದೆಯೆಂಬ ಕಾರಣಕ್ಕೆ ಸಾಮಾನು ಹೇರಿದಷ್ಟೂ ನೌಕೆ ತಗ್ಗಿ, ಅಂತರ ಕುಗ್ಗಿ, ದೋಷ ಬಲಿಯುತ್ತದೆ. ಹಿಂದೆ ತೂಗುಹಾಕಿದ ಸಣ್ಣ ದೋಣಿ, ಅದರ ಎಂಜಿನ್, ಬ್ಯಾಟರಿಗಳು, ಮಾಡಿನ ಮೇಲೆ ಸೌರಫಲಕಗಳು, ಎಲ್ಲವೂ ಬೇಕಾದವೇ. ಆದರೆ ಹಗುರವಾಗಿರುವುದೇ ಈ ಜಾತಿಯ ನೌಕೆಯ ಜೀವ.

ಇನ್ನು ಚುಕ್ಕಾಣಿ. 380ರಲ್ಲಿ ಅದು ಹಿಂಜಗಲಿಯಲ್ಲಿ, ಮನೆಯ ಹಿಂಗೋಡೆಗೆ ಹೊಂದಿಕೊಂಡು, ಒಂದು ಬದಿಗಿದೆ. ಹಿಡಿದವನು ಜೊತೆಗಾರರ ನಡುವೆಯೇ ಕುಳಿತಿರುತ್ತಾನೆ, ಆದರೆ ಆಚೆಯ ಒಡಲಿನ ಮೂತಿ ಅವನಿಗೆ ಮನೆಯ ಮರೆಯಾಗುತ್ತದೆ. ದಕ್ಕೆಗೆ ಬರುವಾಗ ಇನ್ನೊಬ್ಬರು ಮುಂದೆ ನಿಂತು ಕೂಗಿ ಹೇಳಬೇಕು. ಮುಂದೆ ಅದೇ ತಯಾರಕರ ‘450’ ಎಂಬ ಮಾದರಿಯಲ್ಲಿ ಚುಕ್ಕಾಣಿಯನ್ನು ಮಾಡಿನ ಮೇಲಕ್ಕೆ ಏರಿಸಿದರು. ಅಲ್ಲಿಂದ ನಾಲ್ಕೂ ಮೂಲೆ ಕಾಣುತ್ತದೆ. ಆದರೆ ಅದಕ್ಕೆಡೆ ಮಾಡಲು ಹಾಯಿಯ ಅಡ್ಡಮರ ಇನ್ನೂ ಮೇಲಕ್ಕೇರಿತು, ಗಾಳಿಯ ಒತ್ತಡವೂ ಅದರೊಡನೆ ಮೇಲೇರಿತು, ಚುಕ್ಕಾಣಿಯವನು ತನ್ನವರಿಂದ ಬೇರೆಯಾದ. ಎಲ್ಲವನ್ನೂ ಕಾಣುವ, ಎಲ್ಲರೊಡನೆ ಇರುವ ಒಂದು ಸ್ಥಾನವನ್ನು ಮನೆಯುಳ್ಳ ಅಟ್ಟದ ಮೇಲೆ ಗೊತ್ತುಪಡಿಸುವುದು ಇದುವರೆಗೆ ಯಾವ ವಿನ್ಯಾಸಕಾರನಿಗೂ ಪೂರ್ಣವಾಗಿ ಸಾಧ್ಯವಾಗಿಲ್ಲ. ಹೋಕುಲೇಅದ ಮಾರ್ಗದರ್ಶಿಗೆ ಈ ಕಷ್ಟವಿರಲಿಲ್ಲ.

ಹಳೆಯ ಅಟ್ಟದ ತತ್ತ್ವ ಉಳಿದಿರುವುದು ಮುಂಭಾಗದಲ್ಲಿ. ಎರಡು ಮೂತಿಗಳ ನಡುವೆ ಅಡ್ಡತೊಲೆಯವರೆಗೆ ಬಿಗಿದ, ಟ್ರ್ಯಾಂಪೊಲೀನ್ ಎಂದು ಕರೆಯುವ ಬಲೆ ಅದು. ಅಲೆಯ ನೀರು ಕಟ್ಟುಮರದ ಸಂದುಗಳಲ್ಲಿ ಇಳಿದಂತೆಯೇ ಇದರ ಕಣ್ಣುಗಳಲ್ಲಿ ಇಳಿಯುತ್ತದೆ. ಅಲ್ಲಿ ಗಟ್ಟಿನೆಲವನ್ನು ಹಾಕಿದರೆ ನೀರಿನ ಭಾರಕ್ಕೆ ಮೂತಿಗಳು ಹೂತುಹೋದಾವು ಎಂಬುದನ್ನು ಕಾರ್ಖಾನೆಯವರೂ ಬಲ್ಲರು. ಲಂಗರಿನ ವ್ಯವಸ್ಥೆಯೂ ಗಮನಾರ್ಹ. ಲಂಗರಿನ ಸರಪಳಿಗೆ ಎರಡು ಮೂತಿಗಳಿಂದಲೂ ಒಂದೊಂದು ಹಗ್ಗವನ್ನು ತಂದು ಕೂಡಿಸುತ್ತಾರೆ. ಜೋಡೆತ್ತಿನ ನೊಗದಂತೆ ಎಳೆತ ಎರಡಕ್ಕೂ ಸಮನಾಗಿ ಹಂಚಿ, ನೌಕೆ ಗಾಳಿಗೆ ಅತ್ತಿತ್ತ ಹೊಯ್ದಾಡದೆ ನಿಲ್ಲುತ್ತದೆ. ಒಡಲುಗಳೆರಡು ಎಂಬ ಸತ್ಯವನ್ನು ಮನೆ ಮರೆಸಿದರೂ ಹಗ್ಗ ಮರೆಯಗೊಡುವುದಿಲ್ಲ. ಅಂತೆಯೇ ಒಡಲಿನ ಒಳಮಗ್ಗುಲಲ್ಲಿ ನೀರಿನ ಮಟ್ಟಕ್ಕೆ ಸಮೀಪವಾಗಿ ಇಡುವ ಗಾಜಿನ ಕಂಡಿ. ನೌಕೆ ಮಗುಚಿದರೆ ಒಳಗಿದ್ದವರು ಹೊರಬರಲು ಇರುವ ದಾರಿ ಅದು. ಪ್ರಚಾರಪತ್ರದ ಚಿತ್ರಗಳಲ್ಲಿ ಬಲೆಯ ಮೇಲೆ ಮಲಗಿ ಬಿಸಿಲು ಕಾಯುವವರು ಕಾಣುವಷ್ಟು ಈ ಕಂಡಿ ಕಾಣುವುದಿಲ್ಲ.

ಚಿತ್ರಗಳಲ್ಲಿ ಕಾಣದ ಇನ್ನೊಂದು ಬಾಗಿಲಿದೆ. ಕೆರಿಬಿಯನ್ ಮೊದಲಾದ ಕಡೆಗಳಲ್ಲಿ ಇಂಥ ನೌಕೆಗಳನ್ನು ಬಾಡಿಗೆಗೆ ಕೊಡುವುದು ದೊಡ್ಡ ವ್ಯಾಪಾರ. ಬಾಡಿಗೆಗೆ ಹಿಡಿದವರಿಗೆ ನಡೆಸಲು ಬಾರದಿದ್ದರೆ ಸಂಬಳದ ನಾವಿಕನೊಬ್ಬ ಜೊತೆಗೆ ಬರುತ್ತಾನೆ. ಹಲವು ನೌಕೆಗಳಲ್ಲಿ ಅವನಿಗೆ ಮಲಗಲು ಗೊತ್ತುಮಾಡಿರುವ ಸ್ಥಳ ಒಡಲಿನ ಮೂತಿಯೊಳಗಣ ಇಕ್ಕಟ್ಟಾದ ಗೂಡು. ಅದಕ್ಕೆ ಮನೆಯ ಒಳಗಿನಿಂದ ದಾರಿಯಿರುವುದಿಲ್ಲ; ಮೇಲಿನ ಅಟ್ಟದಲ್ಲಿ ಕೊರೆದ ಕಂಡಿಯ ಮುಚ್ಚಳವನ್ನು ಎತ್ತಿ ಏಣಿಯಿಂದ ಇಳಿಯಬೇಕು. ಮಳೆ ಬಂದರೆ ಮುಚ್ಚಳ ಹಾಕಿಕೊಳ್ಳಬೇಕು, ಸೆಕೆಗೆ ತೆರೆದಿಡಬೇಕು. ಜಗಲಿಯೂ ಗಾಜಿನ ಮನೆಯೂ ಬಲೆಯೂ ಅತಿಥಿಗಳದು. ದಾರಿ ಬಲ್ಲವನು, ಲಂಗರು ಹಾಕುವವನು, ರಾತ್ರಿ ಎಚ್ಚರಿರುವವನು ಮೂತಿಯ ಗೂಡಿನವನು. ಪಾಲಿನೇಷ್ಯದ ವಂಶ ನಮ್ಮದೆಂದು ಹೇಳಿಕೊಳ್ಳುವ ಈ ನೌಕೆಗಳಿಗೆ ಹೋಕುಲೇಅದ ಅಟ್ಟದೊಡನೆ ಇರುವ ಹೋಲಿಕೆ ಅಲ್ಪ. ಅಲ್ಲಿ ಮಾರ್ಗದರ್ಶಿಯ ಪೀಠವೇ ಅಟ್ಟದ ಮುಖ್ಯಸ್ಥಾನ. ಹೋಲಿಕೆಯೇ ಬೇಕೆಂದರೆ 1774ರಲ್ಲಿ ಕುಕ್ ಕಂಡ ಕಾಳಗದ ದೋಣಿಗಳನ್ನೂ, ಅಟ್ಟಣೆಯ ಕಂಬಗಳ ನಡುವೆ ಕುಳಿತು ಹುಟ್ಟು ಹಾಕುತ್ತಿದ್ದವರನ್ನೂ ನೋಡಬೇಕು. ನೌಕಾಸಂಗ್ರಹಾಲಯಗಳು ಇಂದಿನ ವಿಹಾರನೌಕೆಗಳ ನಕ್ಷೆಗಳನ್ನು ಮುಂದಿನವರಿಗಾಗಿ ತೆಗೆದಿಡುವಾಗ ಒಡಲಿನ ರೇಖೆಗಳೊಡನೆ ಅಟ್ಟದ ನಕ್ಷೆಯನ್ನೂ, ಆ ನಕ್ಷೆಯಲ್ಲಿ ಮೂತಿಯ ಮೇಲಿನ ಆ ಸಣ್ಣ ಮುಚ್ಚಳವನ್ನೂ, ಅದರ ಅಳತೆಯೊಂದಿಗೆ ದಾಖಲಿಸತಕ್ಕುದು.